ತಟ್ಟೆ ನೋಡಿ ಮಾರು

ಸಪ್ಲೈಯರ್ ಎಂಬ ಪದವೇ ಈಗ ಮಾಯವಾಗಿದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವ ನಮ್ಮ ಬೀದಿಯ ಹುಡುಗ ಹುಡುಗಿಯರು ನನ್ನನ್ನು ಯಾರಿಗಾದರೂ ಪರಿಚಯಿಸುವಾಗ "ಅಂಕಲ್ ಸರ್ವೀಸ್‌ನಲ್ಲಿದ್ದರು" ಎನ್ನುತ್ತಾರೆ. ಕೇಳಿದವರು ನಾನು ಮಿಲಿಟರಿಯಲ್ಲಿದ್ದೆ ಎಂದುಕೊಂಡು ಕೈ ಮುಗಿಯುತ್ತಾರೆ. ನಾನು ಅಲ್ಲೇ ತಿದ್ದುತ್ತೇನೆ. ನಾನು ಸಪ್ಲೈಯರ್. ಬಂಗಾರಪೇಟೆಯಲ್ಲಿ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಶುರು ಮಾಡಿ, ಕೆಜಿಎಫ್‌ನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಿವೃತ್ತನಾದ ಸಪ್ಲೈಯರ್. ಅನ್ನ ಬೇಯಿಸಿದವನಲ್ಲ, ಬಡಿಸಿದವನು. ಬಡಿಸುವುದರಲ್ಲಿ ಏನಿದೆ ಮಹಾ ಎಂದು ಕೇಳುವವರಿಗೆ ಹಿರಿಯರು ಆಗಲೇ ಉತ್ತರ ಹೇಳಿಟ್ಟಿದ್ದಾರೆ: ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೇನು?

ಈ ವರ್ಷ ನಮ್ಮ ಮಗಳು ಭಾಗ್ಯ ನನ್ನನ್ನೂ ನನ್ನ ಹೆಂಡತಿ ಜಯಮ್ಮನನ್ನೂ ಆಸ್ಟ್ರೇಲಿಯಾಕ್ಕೆ ಕರೆಸಿಕೊಂಡಿದ್ದಳು. ಮೆಲ್ಬರ್ನ್ ಊರಿನಲ್ಲಿ ಅವಳು ಕೆಲಸ ಮಾಡುವ ದೊಡ್ಡ ಇಂಡಿಯನ್ ರೆಸ್ಟೋರೆಂಟಿನಲ್ಲಿ ನಾವು ಗಿರಾಕಿಗಳಾಗಿ ಕೂತು ಉಂಡೆವು. ಅವಳ ಕೆಲಸವೂ ನನ್ನ ಕೆಲಸವೇ, ಬಡಿಸುವುದು. ಅಲ್ಲಿ ನಡೆದದ್ದನ್ನು ಈ ಕಸುಬಿಗೆ ಬರುವ ಮಕ್ಕಳಿಗೆ ಹೇಳಬೇಕೆಂದೇ ಬರೆಯಲು ಕೂತಿದ್ದೇನೆ. ಆದರೆ ಅದರ ರುಚಿ ಹತ್ತಬೇಕಾದರೆ ಮೊದಲು ನಮ್ಮೂರ ಊಟ ಆಗಬೇಕು.

ಬಂಗಾರಪೇಟೆ ಜಂಕ್ಷನ್ನು. ದೊಡ್ಡ ರೈಲಿನಿಂದ ಇಳಿದವರು ಕೆಜಿಎಫ್ ಗಾಡಿ ಹತ್ತುವ ಮೊದಲು ನಮ್ಮ ಹೋಟೆಲಿಗೆ ನುಗ್ಗುತ್ತಿದ್ದರು. ಒಂದು ಕಣ್ಣು ತಟ್ಟೆಯ ಮೇಲೆ, ಒಂದು ಕಣ್ಣು ಪ್ಲಾಟ್‌ಫಾರಂ ಮೇಲೆ. ಅಂಥವರಿಗೆ ಬಡಿಸುವುದನ್ನು ನನಗೆ ಕಲಿಸಿದವರು ಹೆಡ್ ಸಪ್ಲೈಯರ್ ವೆಂಕಟರಾಯಪ್ಪ, ಬೇತಮಂಗಲದ ಕಡೆಯವರು. ಅವರ ಬಾಯಿಗೆ ಬೀಳದೆ ಆ ಹೋಟೆಲಿನಲ್ಲಿ ಯಾರೂ ದೊಡ್ಡವರಾಗಲಿಲ್ಲ. ಒಂದು ದಿನ ಟೇಬಲ್ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದೆ. "ಲೇ, ಅದುನ್ನ ಇಳ್ಸು. ಎಗಲ ಮೇಲೆ ಬಟ್ಟೆ ಆಕ್ಕೊಂಡ್ರೆ ಅನ್ನ ಇಕ್ಕಾಕ್ ಬಂದೋನಂಗಲ್ಲ, ಎಣ ಎತ್ತಾಕ್ ಬಂದೋನಂಗ್ ಕಾಣ್ತೀಯ" ಎಂದರು, ಗಿರಾಕಿಗಳ ಮುಂದೆಯೇ. ಆವತ್ತಿನಿಂದ ಇವತ್ತಿನವರೆಗೆ ಸ್ನಾನದ ಟವಲನ್ನೂ ನಾನು ಹೆಗಲಿಗೆ ಹಾಕಿಲ್ಲ.

ಅವರು ಕಲಿಸಿದ ನಿಜವಾದ ಪಾಠ ಬೇರೆ. "ಮೊಕ ನೋಡಿ ಮಣೆ ಆಕು ಅಂತಾರೆ. ಅದು ಮನೇಗಾಯ್ತು. ಓಟ್ಲಲ್ಲಿ ತಟ್ಟೆ ನೋಡಿ ಮಾರು ಆಕು. ಮೊಕ ಸುಳ್ಳೇಳ್ತದೆ ಕಣ್ಲಾ, ತಟ್ಟೆ ಏಳಲ್ಲ."

ಮಾರು ಎಂದರೆ ಮಾರಾಟವಲ್ಲ. ನಮ್ಮ ಕಡೆ ಎರಡನೇ ಸಲ ಬಡಿಸುವುದಕ್ಕೆ ಮಾರು ಎನ್ನುತ್ತೇವೆ. ಆಂಧ್ರದ ಗಡಿಯಲ್ಲಿರುವವರು ನಾವು, ತೆಲುಗಿನಿಂದ ಬಂದ ಮಾತು. ಮೊದಲ ಸಲ ಬಡಿಸುವುದು ಹೋಟೆಲಿನ ಲೆಕ್ಕ, ಮಾರು ಬಡಿಸುವುದು ಸಪ್ಲೈಯರನ ಮರ್ಯಾದೆ ಎಂದು ವೆಂಕಟರಾಯಪ್ಪ ಹೇಳುತ್ತಿದ್ದರು. ಸಾರು ಮುಗಿದ ಮೇಲೂ ಬೆರಳು ತಟ್ಟೆಯ ಅಂಚಿನಲ್ಲಿ ಸುತ್ತುತ್ತಿದ್ದರೆ ಹೊಟ್ಟೆಯಲ್ಲಿ ಇನ್ನೂ ಜಾಗವಿದೆ. ತಟ್ಟೆಯನ್ನು ಒಂದಿಷ್ಟು ಮುಂದೆ ತಳ್ಳಿದರೆ ಸಾಕಾಗಿದೆ. ಕೈ ಒಣಗುತ್ತಿದ್ದರೂ ಏಳದೆ ಕೂತಿದ್ದಾನೆಂದರೆ ಬೇಕು, ಕೇಳಲು ನಾಚಿಕೆ. ಅಂಥವನ ಹತ್ತಿರ ನಾವೇ ಹೋಗಿ "ಇನ್ನೊಸಿ ಆಕ್ಲಾ ಅಣ್ಣಾ?" ಎಂದು ಕೇಳಬೇಕು. ಬಾಯಿಬಿಟ್ಟು ಕೇಳುವ ಕಷ್ಟ ಗಿರಾಕಿಗೆ ಬರಬಾರದು, ಸಪ್ಲೈಯರ್ ಆ ಕಷ್ಟವನ್ನು ತಾನು ಎತ್ತಿಕೊಳ್ಳಬೇಕು. ನನ್ನ ವಿದ್ಯೆ ಎಂದರೆ ಇಷ್ಟೇ.

ಕೆಜಿಎಫ್ ಕ್ಯಾಂಟೀನಿಗೆ ಬಂದ ಮೇಲೆ ಈ ವಿದ್ಯೆಯ ಬೆಲೆ ಗೊತ್ತಾಯಿತು. ಮುದ್ದೆಗೆ ಅಲ್ಲಿ ಮೂರು ಹೆಸರು. ನಮ್ಮವರಿಗೆ ಹಿಟ್ಟು, ತೆಲುಗಿನವರಿಗೆ ಸಂಗಟಿ, ತಮಿಳಿನವರಿಗೆ ಕಳಿ. ಮೂರಕ್ಕೂ ಒಂದೇ ಪಾತ್ರೆ, ಒಂದೇ ಕೋಲು. ಆ ಕಾಲದಲ್ಲಿ ಧಾರವಾಡದ ಕಡೆಯಿಂದ ಬಸವರಾಜ ಎಂಬವನು ಹೊಸದಾಗಿ ಸೇರಿದ. ಒಳ್ಳೆಯ ಮನುಷ್ಯ, ಕೈ ದೊಡ್ಡದು. ಮೊದಲ ದಿನ ಅವನ ಕೈಗೆ ಮಜ್ಜಿಗೆ ಬಕೆಟ್ಟು ಕೊಟ್ಟು ಬಡಿಸಲು ಪಂಕ್ತಿಗೆ ಬಿಟ್ಟೆ. ಕುಪ್ಪಂ ಕಡೆಯ ವೆಲ್ಡರ್ ರೆಡ್ಡೆಪ್ಪನ ಅನ್ನಕ್ಕೆ ಮಜ್ಜಿಗೆ ಹಾಕಿದ. ರೆಡ್ಡೆಪ್ಪ "ಚಾಲು" ಎಂದ. ಬಸವರಾಜ ಇನ್ನೊಂದು ಸೌಟು ಹಾಕಿದ. "ಚಾಲು, ಚಾಲು!" ಬಸವರಾಜ ಸೌಟು ಬಿಟ್ಟು ಬಕೆಟ್ಟನ್ನೇ ಬಗ್ಗಿಸಿದ. ರೆಡ್ಡೆಪ್ಪ ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದು "ಚಾಲಯ್ಯಾ ಚಾಲು!" ಎಂದು ಕೂಗಿಕೊಂಡ. ಅಷ್ಟರಲ್ಲಿ ಮಜ್ಜಿಗೆ ಟೇಬಲ್ಲಿನಿಂದ ಇಳಿದು ಅವನ ಪ್ಯಾಂಟಿನೊಳಗೆ ದಾರಿ ಮಾಡಿಕೊಂಡಿತ್ತು.

ಓಡಿ ಹೋಗಿ ಬಕೆಟ್ಟು ಹಿಡಿದೆ. ಬಸವರಾಜ ಕಣ್ಣು ಕಣ್ಣು ಬಿಡುತ್ತ, "ಅವರಽ ಚಾಲೂ ಇಡು, ಚಾಲೂ ಇಡು ಅನ್ನಾಕತ್ತಾರ್ರಿ. ನಾ ಹೆಂಗ ನಿಂದರಸ್ಲಿ?" ಎಂದ. ಅವನ ಊರಿನಲ್ಲಿ ಚಾಲು ಎಂದರೆ ನಡೆಯಲಿ ಎಂದು. ತೆಲುಗಿನಲ್ಲಿ ಚಾಲು ಎಂದರೆ ಸಾಕು ಎಂದು. ಇಡೀ ಕ್ಯಾಂಟೀನು ಹೊಟ್ಟೆ ಹಿಡಿದುಕೊಂಡು ನಕ್ಕಿತು. ರೆಡ್ಡೆಪ್ಪನೂ ಒದ್ದೆ ಪ್ಯಾಂಟಿನಲ್ಲೇ ನಕ್ಕ. ಬಸವರಾಜ ನಿವೃತ್ತನಾಗುವವರೆಗೂ ಚಾಲು ಬಸಣ್ಣನಾಗಿಯೇ ಉಳಿದ. ನಾನು ಅವನಿಗೆ ಹೇಳಿದ್ದು ಒಂದೇ ಮಾತು: ಈ ಊರಲ್ಲಿ ಕಿವಿ ನಂಬಬೇಡ, ತಟ್ಟೆ ನಂಬು.

ಆಮೇಲೆ ಕಾಲ ಬದಲಾಯಿತು. ಸ್ಟೀಲ್ ತಟ್ಟೆ ಹೋಗಿ ಗುಳಿಗುಳಿ ಇರುವ ಟ್ರೇ ಬಂತು. ಮಂಗಳೂರಿನಿಂದ ವರ್ಗವಾಗಿ ಬಂದ ಹೊಸ ಕ್ಯಾಂಟೀನ್ ಸಾಹೇಬರು ಸೆಲ್ಫ್ ಸರ್ವೀಸ್ ತಂದರು. ಸಾಲಿನಲ್ಲಿ ನಿಲ್ಲುವುದು, ಟ್ರೇ ಒಡ್ಡುವುದು, ಹೋಗಿ ಕೂರುವುದು. ಕೆಲಸ ಬೇಗ ಮುಗಿಯುತ್ತಿತ್ತು, ಅದನ್ನು ನಾನು ಒಪ್ಪುತ್ತೇನೆ. ಮಾರು ಬೇಕಾದವರು ಏನು ಮಾಡಬೇಕು ಎಂದು ಕೇಳಿದೆ. ಮತ್ತೆ ಸಾಲಿಗೆ ಬರಲಿ ಎಂದರು. ಒಬ್ಬನೂ ಬರಲಿಲ್ಲ. ಇಡೀ ಶಿಫ್ಟಿನ ಕಣ್ಣೆದುರು ಟ್ರೇ ಹಿಡಿದು ಎರಡನೇ ಸಲ ನಿಲ್ಲುವುದಕ್ಕೆ ನಮ್ಮ ಜನ ಉಪವಾಸವಾದರೂ ಇದ್ದಾರು.

ನಾನು ಒಂದು ವಾರ ನೋಡಿದೆ. ಆಮೇಲೆ ಒಂದು ಬಕೆಟ್ಟು ಸಾರು, ಒಂದು ತಟ್ಟೆ ಮುದ್ದೆ ಹಿಡಿದು ಟೇಬಲ್ಲುಗಳ ನಡುವೆ ಹೊರಟೆ. ಸಾಹೇಬರು ಬಂದು ಇದೇನು ಎಂದರು.

"ಮಾರು ಸಾರ್."

"ಎಂತ ಮಾರು?"

"ತಾವು ಕೂತ್ಕೊಳಿ ಸಾರ್, ತೋರುಸ್ತೀನಿ."

ಅವರನ್ನು ಕೂರಿಸಿ ಊಟಕ್ಕಿಟ್ಟೆ. ಮುಗಿಯುತ್ತಿದ್ದಂತೆ ಅವರ ಬೆರಳು ಟ್ರೇಯ ಗುಳಿಯಲ್ಲಿ ಸುತ್ತತೊಡಗಿತು. ಕೇಳಿ, ಬಡಿಸಿದೆ. ಪೂರಾ ಉಂಡರು. ಕೈ ತೊಳೆದು ಬಂದು "ಆಯ್ತು, ನಡೀಲಿ ಮಾರಾಯ" ಎಂದರು. ನಾನು ನಿವೃತ್ತನಾಗುವ ದಿನದವರೆಗೆ ಆ ಸೆಲ್ಫ್ ಸರ್ವೀಸ್ ಕ್ಯಾಂಟೀನಿನಲ್ಲಿ ಒಂದು ಬಕೆಟ್ಟು ನಡೆದಾಡುತ್ತಲೇ ಇತ್ತು. ನನಗೆ ಬಂದ ಶಾಲು ಹಾರಗಳಿಗಿಂತ ಆ ಬಕೆಟ್ಟಿನ ಮೇಲೆ ನನಗೆ ಹೆಮ್ಮೆ.

ಭಾಗ್ಯ ಈ ಕೆಲಸ ಕಲಿತದ್ದು ಮದುವೆ ಪಂಕ್ತಿಗಳಲ್ಲಿ. ಕ್ಯಾಸಂಬಳ್ಳಿಯಲ್ಲಿ ನಮ್ಮ ಭಾವಮೈದುನನ ಮನೆಯ ಮದುವೆಯಲ್ಲಿ ಅವಳ ಕೈಗೆ ಪಲ್ಯದ ಪಾತ್ರೆ ಕೊಟ್ಟು, ಎಲೆ ನೋಡಿ ಬಡಿಸು, ಮುಖ ನೋಡಬೇಡ ಎಂದಿದ್ದೆ. ಅವಳಿಗೆ ಅದು ಹಿಡಿಸಿಬಿಟ್ಟಿತು. ಟೀಚರಾಗು ಎಂದು ಅವಳಮ್ಮ ಹೇಳಿದರೂ ಕೇಳದೆ ಹೋಟೆಲಿನ ಕೋರ್ಸು ಓದಿದಳು, ಬೆಂಗಳೂರಿನಲ್ಲಿ ದುಡಿದಳು, ಅಲ್ಲಿಂದ ಮೆಲ್ಬರ್ನಿಗೆ ಹೋದಳು.

ನಾವು ಹೊರಡುವ ಮೊದಲು ಫೋನಿನಲ್ಲಿ ಅವಳು ಒಂದು ಸಂಗತಿ ಹೇಳಿದಳು. ಫ್ಲೋರ್ ಮ್ಯಾನೇಜರ್ ಜಾಗ ಖಾಲಿಯಾಗಿದೆ. ಇವಳು ಒಬ್ಬಳು, ಇವಳ ಜೊತೆಯ ಡೇನಿಯಲ್ ಒಬ್ಬ, ಇಬ್ಬರಲ್ಲಿ ಒಬ್ಬರಿಗೆ. ಅನುಭವದಲ್ಲಿ ಇವಳೇ ಮುಂದು. ಆದರೆ ಮಾಲೀಕರಿಗೆ ಇವಳಲ್ಲಿ ಒಂದು ಕೊರತೆ ಕಂಡಿದೆಯಂತೆ. ಗಿರಾಕಿಗಳ ಹತ್ತಿರ ಹೋಗಿ ಇನ್ನಷ್ಟು ಬೇಕೇ, ಹೊಟ್ಟೆ ತುಂಬಿತೇ ಎಂದು ವಿಚಾರಿಸುತ್ತಾಳಂತೆ. ಅಲ್ಲಿ ಅದು ಪದ್ಧತಿಯಲ್ಲ. ಯಾವ ತಿನಿಸು ಎಷ್ಟು ಎಂದು ಅಡುಗೆಮನೆ ಗೊತ್ತು ಮಾಡಿರುತ್ತದೆ, ಅದರ ಮೇಲೆ ಒಂದು ಚಮಚವೂ ಇಲ್ಲ.

"ಅಂದ್ರೆ ಮಾರು ಇಲ್ವಾ?" ಎಂದೆ.

"ಇಲ್ಲಪ್ಪಾ. ಆ ಅಭ್ಯಾಸ ಬಿಟ್ರೆ ಜಾಗ ನಂದೇ ಅಂದವ್ರೆ. ನೀನು ಬತ್ತೀಯ, ಕುತ್ಕತೀಯ, ತಿಂತೀಯ. ಪಕ್ಕದ ಟೇಬಲ್ನೋರ ತಟ್ಟೆ ಗಿಟ್ಟೆ ನೋಡಿ ಏನಾರ ಅಂದೀಯ ಮತ್ತೆ!"

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಯಾವುದನ್ನು ಮರ್ಯಾದೆ ಎಂದು ಕಲಿಸಿದ್ದೆನೋ ಅದೇ ಮಗಳ ದಾರಿಗೆ ಅಡ್ಡವಾಗಿ ಕೂತಿತ್ತು. ನನ್ನಿಂದ ಅವಳಿಗೆ ನಷ್ಟವಾಗಬಾರದು, ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತೇನೆ ಎಂದು ಜಯಮ್ಮನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಹೋದೆವು. ಹಳೆಯ ಗೋದಾಮನ್ನು ರೆಸ್ಟೋರೆಂಟ್ ಮಾಡಿದ್ದರು. ಕೆಂಪು ಇಟ್ಟಿಗೆಯ ಬರಿ ಗೋಡೆ. ಜಯಮ್ಮ ತಲೆಯೆತ್ತಿ ನೋಡಿ, "ಇಷ್ಟೆಲ್ಲ ಖರ್ಚು ಮಾಡಿ ಸಾರಣೆ ಮಾಡ್ಸಾಕ್ ಮರ್ತವ್ರೆ ನೋಡಿ" ಎಂದಳು. ಡೇನಿಯಲ್ ಬಂದು ನನಗೆಂದು ಕುರ್ಚಿ ಎಳೆದ. ಕುರ್ಚಿ ಎಳೆಯುವವನಿಗೆ ಜಾಗ ಬಿಟ್ಟು ನಿಲ್ಲುವುದು ನನ್ನ ಅಭ್ಯಾಸ, ಪಕ್ಕಕ್ಕೆ ಸರಿದು ನಿಂತೆ. ಅವನು ನಾನು ಕೂರಲಿ ಎಂದು ಕಾದ, ನಾನು ಯಾರೋ ದೊಡ್ಡವರು ಬರುತ್ತಾರೆಂದು ಕಾದೆ. ಕೊನೆಗೆ ಜಯಮ್ಮ ನನ್ನ ಅಂಗಿ ಹಿಡಿದು ಕೂರಿಸಿದಳು.

ನಮ್ಮ ಟೇಬಲ್ಲು ಡೇನಿಯಲ್‌ನದು. ಸ್ವಂತ ಮನೆಯವರಿಗೆ ಬಡಿಸುವಂತಿಲ್ಲ ಎಂಬುದು ಅಲ್ಲಿಯ ನಿಯಮವಂತೆ. ಭಾಗ್ಯ ಕಪ್ಪು ಕೋಟು ಹಾಕಿಕೊಂಡು ಅಡುಗೆಮನೆಯ ಬಾಗಿಲ ಬಳಿ ನಿಂತು ಇಡೀ ಹಾಲನ್ನು ಕಣ್ಣಲ್ಲೇ ನಡೆಸುತ್ತಿದ್ದಳು. ಮಾಲೀಕರು, ದೆಹಲಿಯ ಕಡೆಯವರು, ಕೌಂಟರಿನ ಕೊನೆಯಲ್ಲಿ ಕೂತಿದ್ದರು. ನನ್ನ ಕಸುಬಿನ ಕಣ್ಣಿಂದ ಹೇಳುತ್ತೇನೆ, ಅಂಥ ಬಡಿಸುವಿಕೆಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಅಷ್ಟು ಜನ ಓಡಾಡಿದರೂ ಒಂದು ಚಮಚದ ಸದ್ದಿಲ್ಲ. ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಒಂದು ಟೇಬಲ್ಲಿನ ಎಲ್ಲರಿಗೂ ತಟ್ಟೆ ಒಟ್ಟಿಗೇ ಇಳಿಯುತ್ತದೆ. ನಾನು ಬಕೆಟ್ಟು ಹಿಡಿದು ಮಾಡಿದ ಕೆಲಸಕ್ಕೆ ಇಷ್ಟು ಗೌರವದ ಜಾಗ ಈ ಲೋಕದಲ್ಲಿದೆ, ಅದರ ನಡುವೆ ನನ್ನ ಮಗಳು ನಿಂತಿದ್ದಾಳೆ ಎಂದು ಎದೆಯುಬ್ಬಿತು.

ಮೊದಲು ಕಪ್ಪು ಕಲ್ಲಿನ ಮೇಲೆ ಒಂದೊಂದೇ ಪಾನಿಪುರಿ ಬಂತು, ಪಕ್ಕದಲ್ಲಿ ಗಾಜಿನ ಹೂಜಿಯಲ್ಲಿ ತಿಳಿನೀರು. ನೋಡುತ್ತಿದ್ದಂತೆ ಗೊತ್ತಾಯಿತು, ಬಂಗಾರಪೇಟೆಯದು. ಬೇರೆ ಕಡೆ ಪಾನಿ ಹಸಿರು, ನಮ್ಮೂರಲ್ಲಿ ಮಾತ್ರ ನಲ್ಲಿ ನೀರಿನ ಹಾಗೆ ಕಾಣುತ್ತದೆ. ಬಣ್ಣವಿಲ್ಲ ಎಂದು ಮೋಸ ಹೋಗಿ ಬಾಯಿಗಿಟ್ಟವನ ಕಣ್ಣಲ್ಲಿ ನೀರು ಬರುತ್ತದೆ. ಜಯಮ್ಮ ಮೂಗು ಒರೆಸಿಕೊಂಡು "ಅದೇ ಖಾರ, ಅದೇ! ಆದ್ರೆ ಒಂದೇ ಒಂದಾ?" ಎಂದಳು. ಆಮೇಲೆ ಏನೇನೋ ಬಂದವು, ಒಂದಕ್ಕಿಂತ ಒಂದು ಚಂದ. ಕೊನೆಗೆ ಅಗಲವಾದ ಬಟ್ಟಲಿನಲ್ಲಿ ಅವರೆಯ ಹಿತಕಬೇಳೆ ಸಾರು, ಅದರ ನಡುವೆ ತುಪ್ಪ ಸವರಿದ ಪುಟ್ಟ ಪುಟ್ಟ ರಾಗಿ ಮುದ್ದೆ.

"ಇದೇನ್ ಗೋಲಿ ಆಡಾಕಾ?" ಎಂದಳು ಜಯಮ್ಮ. ಬಾಯಿಗಿಟ್ಟ ಮೇಲೆ ಇನ್ನೊಂದಕ್ಕೆ ಕೈ ಹಾಕಿದಳು. ಅವರೆಯ ಸೊಗಡು ಹಾಗೇ ಇತ್ತು. ಭಾಗ್ಯ ಹೇಳಿಕೊಟ್ಟು ಅಡುಗೆಯವರು ಕಲಿತದ್ದಂತೆ.

ನಮ್ಮ ಪಕ್ಕದ ಟೇಬಲ್ಲಿನಲ್ಲಿ ಆ ಊರಿನ ಒಬ್ಬ ಹೆಂಗಸು ಒಂಟಿಯಾಗಿ ಊಟಕ್ಕೆ ಕೂತಿದ್ದರು. ವಯಸ್ಸಾದವರು, ಬಿಳಿ ಕೂದಲು, ಒಳ್ಳೆಯ ಉಡುಪು. ಹಿತಕಬೇಳೆ ಬಟ್ಟಲು ಖಾಲಿಯಾಗಿತ್ತು. ಚಮಚ ಕೆಳಗಿಟ್ಟರು. ಮತ್ತೆ ಎತ್ತಿಕೊಂಡು ಏನೂ ಇಲ್ಲದ ಕಡೆ ಒಮ್ಮೆ ಸವರಿದರು. ಡೇನಿಯಲ್ ಬಂದು ಎಲ್ಲ ಚೆನ್ನಾಗಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ತುಂಬ ಚೆನ್ನಾಗಿತ್ತು, ಆಯಿತು ಎಂದು ನಕ್ಕರು. ಆದರೆ ಅವರ ಎಡಗೈ ಬಟ್ಟಲಿನ ಅಂಚನ್ನು ಬಿಟ್ಟಿರಲಿಲ್ಲ.

ನನ್ನ ಕೈ ಕಡಿಯತೊಡಗಿತು. ಕುರ್ಚಿಯಲ್ಲಿ ಮುಂದೆ ಸರಿದೆ. ಜಯಮ್ಮ ಟೇಬಲ್ಲಿನ ಕೆಳಗೆ ನನ್ನ ತೊಡೆ ಚಿವುಟಿ, "ಎದ್ದೀರಾ ಜೋಕೆ! ನನ್ ತಲೆ ಮೇಲೆ ಆಣೆ ಮಡಗಿದ್ದೀರ" ಎಂದಳು. ಭಾಗ್ಯನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಆ ಬಟ್ಟಲಿನ ಮೇಲಿತ್ತು. ಬೇಡ ಮಗಳೇ, ಇವತ್ತೊಂದು ದಿನ ಬೇಡ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಹುಟ್ಟಿದಾಗಿನಿಂದ ಅನ್ನದ ವಿಷಯದಲ್ಲಿ ನಾನು ಬೇಡ ಎಂದದ್ದು ಅದೊಂದೇ ಸಲ.

ಅವಳು ಒಳಗೆ ಹೋದಳು. ಆಮೇಲೆ ತಿಳಿಯಿತು, ಕೆಲಸದವರ ಊಟಕ್ಕೆಂದು ಬೇರೆ ಮಾಡಿಟ್ಟ ಪಾತ್ರೆಯಿಂದ ಒಂದು ಚಿಕ್ಕ ಸ್ಟೀಲ್ ಬಟ್ಟಲಿಗೆ ಸಾರು ಹಾಕಿಸಿ, ಒಂದು ಮುದ್ದೆಯಿಟ್ಟು ತಂದಳು. ಆ ಹೆಂಗಸಿನ ಬಲಗೈ ಪಕ್ಕದಲ್ಲಿ ಇಳಿಸಿದಳು. ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಅವರು ಮುಖವೆತ್ತುವುದರೊಳಗೆ ಬೆನ್ನು ತಿರುಗಿಸಿ ಬೇರೊಂದು ಟೇಬಲ್ಲಿನ ಲೋಟ ಸರಿಪಡಿಸುತ್ತ ನಿಂತಳು. ಅವರು ಆ ಕಡೆ ಈ ಕಡೆ ನೋಡಿದರು. ಬಟ್ಟಲನ್ನು ಹತ್ತಿರ ಎಳೆದುಕೊಂಡು ತಲೆ ಬಗ್ಗಿಸಿ ಉಂಡರು, ಶಿಫ್ಟ್ ಮುಗಿಸಿ ಬಂದ ನಮ್ಮ ಜನ ಉಣ್ಣುವ ಹಾಗೆ.

ಮಾಲೀಕರು ಎದ್ದು ಭಾಗ್ಯನನ್ನು ಕೌಂಟರಿನ ಪಕ್ಕಕ್ಕೆ ಕರೆದರು. ಅವರು ಮಾತಾಡಿದ್ದು ನಮಗೆ ಕೇಳಿಸಲಿಲ್ಲ. ಕೋಪ ಮಾಡಿಕೊಂಡಂತೆ ಕಾಣಲಿಲ್ಲ, ಮೆಲ್ಲಗೆ ಏನೋ ಹೇಳುತ್ತಿದ್ದರು. ಭಾಗ್ಯ ಇಲ್ಲ ಎಂದು ತಲೆಯಾಡಿಸಿದಳು. ಅವರು ಮತ್ತೇನೋ ಹೇಳಿದರು. ಅವಳು ಮತ್ತೆ ತಲೆಯಾಡಿಸಿದಳು.

ಊಟದ ಹೊತ್ತು ಕಳೆದ ಮೇಲೆ ಅವಳು ಬಿಡುವು ಮಾಡಿಕೊಂಡು ನಮ್ಮನ್ನು ಮನೆಗೆ ಬಿಡಲು ಟ್ರಾಮ್ ಹತ್ತಿದಳು. ಜನ ತುಂಬಿದ್ದರು. ನಮಗಿಬ್ಬರಿಗೂ ಸೀಟು ಹಿಡಿದು ಕೂರಿಸಿ ತಾನು ಕಂಬಿ ಹಿಡಿದು ನಿಂತಳು. ಸ್ವಲ್ಪ ದೂರ ಹೋದ ಮೇಲೆ ಜಯಮ್ಮನೇ ಕೇಳಿದಳು.

"ಏನಂದ್ರೇ ಆವಯ್ಯ?"

"ಜಾಗ ಡೇನಿಯಲ್ಲುಂಗೆ."

"ನಿಮ್ಮಪ್ಪ ಕೂತವ್ನೆ, ಅದುಕ್ಕೆ ಇಂಗ್ ಮಾಡಿದ್ಲು ಅಂತ ಒಂದ್ ಮಾತು ಏಳ್ಬೋದಿತ್ತಲ್ಲೇ!"

"ಅವ್ರೂ ಅದುನ್ನೇ ಅಂದ್ರು ಕಣಮ್ಮ. ಅಪ್ಪ ಬಂದವ್ರೆ ಅಂತ ಮಾಡ್ದೆ ಅನ್ನು, ನಾನು ನೋಡೇ ಇಲ್ಲ ಅನ್ಕತೀನಿ ಅಂದ್ರು. ನಮ್ಮಪ್ಪ ಏನೂ ಏಳಿಲ್ಲ, ನಾನೇ ಮಾಡಿದ್ದು ಅಂದೆ. ನಾಳೆ ನಮ್ಮಪ್ಪ ಇಲ್ಲಿರಲ್ಲ, ನಾಳೇನೂ ಇಂಗೇ ಮಾಡ್ತೀನಿ ಅಂದೆ."

ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಡೇನಿಯಲ್ ಒಳ್ಳೆಯ ಹುಡುಗ, ಆದರೆ ಆ ಜಾಗ ನನ್ನ ಮಗಳದು. ನನ್ನ ಕೈಲಾದ ಸಮಾಧಾನ ಹೇಳಲು ಹೊರಟೆ. ಬಾಯಿಗೆ ಬಂದದ್ದು ಬೇರೆ ಮಾತು.

"ನಾನಾಗಿದ್ರೆ ಆಯಮ್ಮನ್ನ, ಇನ್ನೊಸಿ ಆಕ್ಲಾ ಅಂತ ಕೇಳ್ತಿದ್ದೆ ಮಗಾ."

"ಕೇಳಿದ್ರೆ ಬ್ಯಾಡ ಅಂತಿದ್ರು ಅಪ್ಪಾ. ಡೇನಿಯಲ್ಲುಂಗೆ ಆಯ್ತು ಅಂದ್ಬುಟ್ಟಿದ್ರಲ್ಲ. ಒಂದ್ಸಲ ಆಯ್ತು ಅಂದೋರು ಮತ್ತೆ ಬೇಕು ಅಂತ ಎಂಗಂದಾರು? ಅದುಕ್ಕೇ ಕೇಳ್ಲಿಲ್ಲ."

ಬಾಯಿಬಿಟ್ಟು ಕೇಳುವ ಕಷ್ಟವನ್ನು ಗಿರಾಕಿಯಿಂದ ತಪ್ಪಿಸಿದೆ ಎಂದು ಇಡೀ ಸರ್ವೀಸು ನಾನು ಬೀಗಿದವನು. ಹೂಂ ಎನ್ನುವ ಕಷ್ಟವೂ ಒಂದಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಮಗಳು ಅದನ್ನೂ ತಪ್ಪಿಸಿದ್ದಳು.

ಬಂಗಾರಪೇಟೆಯ ಹೋಟೆಲಿನಲ್ಲಿ ಹೆಡ್ ಸಪ್ಲೈಯರ್ ಕೆಲಸ ಮುಗಿಸಿ ಹಿತ್ತಿಲ ಬೆಂಚಿನ ಹತ್ತಿರ ಬಂದರೆ, ಕೂತಿದ್ದ ನಾವೆಲ್ಲ ಎದ್ದು ಜಾಗ ಬಿಡುತ್ತಿದ್ದೆವು. ಯಾರೂ ಹೇಳಿಕೊಟ್ಟದ್ದಲ್ಲ. ಆ ಟ್ರಾಮಿನಲ್ಲಿ ನಾನು ಸೀಟು ಬಿಟ್ಟು ಎದ್ದೆ.

"ಇದ್ಯಾಕಪ್ಪಾ ಎದ್ದೆ? ನಮ್ ಸ್ಟಾಪು ಇನ್ನೂ ದೂರ ಐತೆ" ಎಂದಳು ಭಾಗ್ಯ.

"ಗೊತ್ತು" ಎಂದೆ. "ನೀನ್ ಕೂತ್ಕೊಳಮ್ಮ."